ಬಿಡಿಸದೆ ಹೋದ ಪಥ್ಯ

ಡಯಟೀಷಿಯನ್ ಆಗಬೇಕೆಂದು ಓದುತ್ತಿರುವ ಹುಡುಗಿಯರು ಈಗಲೂ ಲಿಂಗರಾಜಪುರದ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಮೊಬೈಲು ಪಕ್ಕಕ್ಕಿಟ್ಟು, 'ಮೇಡಂ, ನಿಮ್ಮ ಕಾಲದಲ್ಲಿ ಹೇಗಿತ್ತು?' ಎನ್ನುತ್ತಾರೆ. ನಾನು ನಗುನಗುತ್ತಾ ಏನಾದರೂ ಹೇಳಲಿ ಎಂಬುದು ಅವರ ಆಸೆ. ಹೇಳಲು ಶುರು ಮಾಡಿದ ಸ್ವಲ್ಪ ಹೊತ್ತಿಗೇ ನನ್ನ ದನಿ ಏರುತ್ತದೆ. ಒಳಗಿನಿಂದ ಮಗಳು, 'ಅಮ್ಮಾ, ಬಿಪಿ' ಎಂದು ಕೂಗುತ್ತಾಳೆ. ಬಿಪಿ ಏರಿದರೆ ಏರಲಿ. ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಇಳಿಯದ ಸಿಟ್ಟನ್ನು ನಗುತ್ತಾ ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬರೆಯುವಾಗ ಮಗಳು ಅಡ್ಡ ಬರುವುದಿಲ್ಲ.

ನಾನು ಕೆಲಸ ಮಾಡಿದ ಆಸ್ಪತ್ರೆ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿತ್ತು, ಶಿವಾಜಿನಗರದ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ. ಹೆಸರು ಬೇಡ. ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಕಡೆಯವರೆಲ್ಲ ಅಲ್ಲಿಗೇ ಬರುತ್ತಿದ್ದರು. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಸೇರಿದಾಗ ಡಯಟೀಷಿಯನ್ ಎಂದರೆ ಏನು ಮಾಡುವವಳು ಎಂದು ಅಲ್ಲಿನ ಅರ್ಧ ಡಾಕ್ಟರುಗಳಿಗೇ ಗೊತ್ತಿರಲಿಲ್ಲ. ನನಗೆ ಕೊಟ್ಟ ಜಾಗ ನೆಲಮಾಳಿಗೆಯ ಅಡುಗೆಮನೆಯ ಪಕ್ಕದ ಕೋಣೆ. ಕಿಟಕಿ ಇರಲಿಲ್ಲ. ಒಗ್ಗರಣೆಯ ಘಾಟು ಮಾತ್ರ ಧಾರಾಳವಾಗಿತ್ತು. ವಾರ್ಡಿನಲ್ಲಿ ನನ್ನನ್ನು 'ಊಟದ ಮೇಡಂ' ಎನ್ನುತ್ತಿದ್ದರು. ಕೆಲವು ಡಾಕ್ಟರುಗಳು ತಮ್ಮ ಟಿಫನ್ ತಡವಾದರೂ ನನಗೇ ಫೋನ್ ಮಾಡುತ್ತಿದ್ದರು.

ಸಕ್ಕರೆ ಕಾಯಿಲೆ, ಕಿಡ್ನಿ, ಬಾಣಂತಿಯರು ಎಲ್ಲ ವಾರ್ಡೂ ನನ್ನ ಪಾಲಿಗೇ ಬಂದವು. ಆದರೆ ನಾನು ಅತಿ ಹೆಚ್ಚು ಜಗಳವಾಡಿದ್ದು ಲಿವರ್ ವಾರ್ಡಿನಲ್ಲಿ. ಆ ಕಾಯಿಲೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಕುಡಿತದಿಂದಲೋ, ಹಳೆಯ ಕಾಮಾಲೆಯ ಸೋಂಕಿನಿಂದಲೋ ಲಿವರು ವರ್ಷಗಟ್ಟಲೆ ಗಾಯಗೊಂಡು, ಕೊನೆಗೆ ಗಟ್ಟಿಯಾಗಿ ಗಂಟುಗಂಟಾಗುತ್ತದೆ. ಹೊಟ್ಟೆ ಕರುಳಿನಿಂದ ಬರುವ ರಕ್ತವೆಲ್ಲ ಅದರ ಮೂಲಕವೇ ಹೋಗಬೇಕು. ದಾರಿ ಕಟ್ಟಿದರೆ? ಟಿನ್ ಫ್ಯಾಕ್ಟರಿ ಹತ್ತಿರ ಜಾಮ್ ಆದಾಗ ಆಟೋದವರು ಗಲ್ಲಿಗಳಿಗೆ ನುಗ್ಗುತ್ತಾರಲ್ಲ, ರಕ್ತವೂ ಹಾಗೆಯೇ ಅನ್ನನಾಳದ ಸಣ್ಣ ಸಿರೆಗಳಿಗೆ ನುಗ್ಗುತ್ತದೆ. ಅವು ಉಬ್ಬುತ್ತವೆ, ಒಂದು ದಿನ ಒಡೆದು ರಕ್ತ ವಾಂತಿಯಾಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಲಿವರು ತೆಗೆಯಬೇಕಾದ ವಿಷ ಮಿದುಳಿಗೆ ಏರಿ ಮನುಷ್ಯ ಮಂಕಾಗುತ್ತಾನೆ. ಕುಡಿದವನಂತೆ ತೊದಲುತ್ತಾನೆ, ಹೆಂಡತಿಯ ಹೆಸರನ್ನೂ ಮರೆಯುತ್ತಾನೆ. ಈ ಮೂರೂ ನನ್ನ ತಟ್ಟೆಗೆ ಸಂಬಂಧಪಟ್ಟವು.

ನಾನು ಸೇರಿದ ಹೊಸತರಲ್ಲಿ ರಕ್ತ ವಾಂತಿಯವರಿಗೆ ಮೂಗಿನಿಂದ ರಬ್ಬರು ಕೊಳವೆ ಇಳಿಸಿ, ಒಳಗೆ ಬಲೂನು ಉಬ್ಬಿಸಿ ಸಿರೆಯನ್ನು ಒತ್ತಿ ಹಿಡಿಯುತ್ತಿದ್ದರು. ಎಂಡೋಸ್ಕೋಪಿ ಇಳಿಸಿ ಸಿರೆಗೇ ಸೂಜಿ ಚುಚ್ಚುವುದೂ ಇತ್ತು. ಆಮೇಲೆ ಸಿರೆಯ ಬುಡಕ್ಕೆ ಪುಟ್ಟ ರಬ್ಬರ್ ಬ್ಯಾಂಡ್ ಬಿಗಿಯುವ ವಿಧಾನ ಬಂತು. ಅದು ಬಂದ ಹೊಸತರಲ್ಲಿ ಶಿವಾಜಿನಗರದ ಒಬ್ಬ ಟೈಲರ್‌ಗೆ ಬ್ಯಾಂಡ್ ಹಾಕಿ, ಜೀವ ಉಳಿಯಿತು ಎಂದು ಎಲ್ಲರೂ ಬೆನ್ನು ತಟ್ಟಿಕೊಂಡರು. ಮನೆಗೆ ಹೋದ ಮನುಷ್ಯ ನಿಪ್ಪಟ್ಟು ಕಟುಮ್ ಎನಿಸಿ ತಿಂದ. ಬ್ಯಾಂಡ್ ಬಿದ್ದ ಜಾಗ ಹಸಿಯಾಗಿತ್ತೋ ಏನೋ, ಮತ್ತೆ ರಕ್ತ ಸುರಿಯಿತು. ವಾಪಸು ಬಂದಾಗ ಸಿಸ್ಟರಿನಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ಅವನ ತಾಯಿಯನ್ನು ಬೈದವರೇ. 'ಬುದ್ಧಿ ಇಲ್ವಾ ನಿಮ್ಗೆ?' ಆ ಮುದುಕಿ ತಲೆ ತಗ್ಗಿಸಿ ನಿಂತಿದ್ದರು. ಮೆತ್ತಗಿನದು ಮಾತ್ರ ತಿನ್ನಿಸಿ ಎಂದು ಅವರಿಗೆ ಹೇಳಿದವರು ಯಾರು ಎಂದು ನಾನು ಕೇಳಿದೆ. ಸಿಸ್ಟರು ಡಾಕ್ಟರನ್ನು ನೋಡಿದರು, ಡಾಕ್ಟರು ಗಡಿಯಾರ ನೋಡಿದರು. ಯಾರೂ ಹೇಳಿರಲಿಲ್ಲ.

ಇನ್ನು ಉಪ್ಪಿನ ಕಥೆ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಉಪ್ಪು ಕಡಿಮೆ ಮಾಡಬೇಕು. ಡಾಕ್ಟರು 'ಲೋ ಸಾಲ್ಟ್' ಎಂದು ಹೇಳಿ ಮುಂದೆ ಹೋಗುತ್ತಾರೆ. ಆಮೇಲಿನ ಹಣೆಬರಹ ನಮ್ಮದು. ನಮ್ಮ ಅಡುಗೆಯವರು ಹಲಸೂರಿನ ಅಂತೋಣಿ, ಕೈರುಚಿಗೆ ಹೆಸರಾದವರು. ಉಪ್ಪಿಲ್ಲದ ಸಾಂಬಾರು ಮಾಡುವುದೆಂದರೆ ಅವರಿಗೆ ಅವಮಾನ.

'ಎನ್ನ ಮೇಡಂ ಇದು, ನನ್ ಹೆಸರು ಹಾಳು ಮಾಡ್ತೀರಾ? ಇದನ್ನ ಯಾರು ತಿಂತಾರೆ?' ಎಂದು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ರೇಗುತ್ತಿದ್ದರು.

ನಿಂಬೆಹಣ್ಣು, ಕರಿಮೆಣಸು, ಕೊತ್ತಂಬರಿ, ಹುಣಸೆ ಎಂದು ಇಬ್ಬರೂ ಸೇರಿ ಏನೇನೋ ಮಾಡಿ ನೋಡಿದೆವು. ಆ ವಾರ್ಡಿನಲ್ಲಿ ವಿಮಾನಪುರದಿಂದ ಬಂದ ಒಬ್ಬರು ನಿವೃತ್ತ ಸೂಪರ್‌ವೈಸರ್ ಇದ್ದರು. ವಿಮಾನ ಕಾರ್ಖಾನೆಯಲ್ಲಿ ಆಯಸ್ಸು ಕಳೆದವರು, ಶಿಸ್ತಿನ ಮನುಷ್ಯ. ಅವರ ಹೆಂಡತಿ ಮಾತ್ರೆಯ ಡಬ್ಬಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ತಂದು ದಿಂಬಿನ ಕೆಳಗೆ ಇಡುತ್ತಿದ್ದರು. ನಾನು ಅದನ್ನು ಕಿತ್ತುಕೊಂಡು ಉದ್ದಕ್ಕೆ ಭಾಷಣ ಬಿಗಿದೆ. ಭಾಷಣ ಮುಗಿಸಿ ತಲೆ ಎತ್ತಿ ನೋಡುತ್ತೇನೆ, ಅವರ ತಲೆಯ ಮೇಲೆ ಸಲೈನ್ ಬಾಟಲಿ ನೇತಾಡುತ್ತಿದೆ! ಸಲೈನ್ ಎಂದರೆ ಉಪ್ಪುನೀರು. ಒಂದು ಬಾಟಲಿಯಲ್ಲಿ ಹೆಚ್ಚೂಕಮ್ಮಿ ಒಂದು ಚಮಚ ಉಪ್ಪು. ಡ್ಯೂಟಿ ಡಾಕ್ಟರನ್ನು ಕೇಳಿದರೆ, 'ಸುಸ್ತು ಅಂದ್ರು ಮೇಡಂ, ಅದಕ್ಕೆ ಒಂದು ಹಾಕ್ದೆ' ಎಂದ. ಎಷ್ಟನೆಯದು ಎಂದರೆ ಅವನಿಗೇ ಗೊತ್ತಿಲ್ಲ. ನಾನು ಅಲ್ಲೇ ರೇಗಾಡಿ ಅದನ್ನು ನಿಲ್ಲಿಸಿದೆ. ಸೂಪರ್‌ವೈಸರ್ ಮಂಚದಲ್ಲಿ ಕೂತು ಎಲ್ಲ ಕೇಳಿಸಿಕೊಂಡರು.

'ಹಂಗಾದ್ರೆ ನನ್ ಹೆಂಡತಿ ಕೈಯಿಂದ ಬಂದ ಉಪ್ಪು ಮಾತ್ರ ಕೆಟ್ಟದ್ದಾ ಮೇಡಂ?' ಎಂದರು.

ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಡಬ್ಬಿಯನ್ನು ಮಾತ್ರ ವಾಪಸು ಕೊಡಲಿಲ್ಲ.

ಇಂಥವು ನೂರು ಇವೆ. ಆದರೆ ನಾನು ಬರೆಯಲು ಕೂತದ್ದು ಶರಣಪ್ಪನವರ ವಿಷಯ, ಅವರ ಹೆಂಡತಿ ಮಲ್ಲಮ್ಮನ ವಿಷಯ. ಅದಕ್ಕೆ ಮೊದಲು ನಮ್ಮ ಚೀಫ್ ಬಗ್ಗೆ ಒಂದು ಮಾತು. ಲಿವರ್ ವಾರ್ಡಿನ ಮುಖ್ಯಸ್ಥರು ಅವರು. ಕೈಚಳಕದಲ್ಲಿ ಅವರನ್ನು ಮೀರಿಸುವವರನ್ನು ನಾನು ನೋಡಿಲ್ಲ. ಬಕೆಟ್ಟುಗಟ್ಟಲೆ ರಕ್ತ ಕಾರುತ್ತಿದ್ದವರನ್ನು ಎಷ್ಟೋ ಸಲ ಉಳಿಸಿ ನಡೆಸಿ ಮನೆಗೆ ಕಳಿಸಿದ್ದಾರೆ. ಅದನ್ನು ಇಲ್ಲ ಎಂದರೆ ನನ್ನ ನಾಲಿಗೆ ಸೇದಿಹೋಗಲಿ. ಆದರೆ ರೋಗಿಯ ಜೊತೆ ಮಾತಾಡುವುದು ಅವರಿಗೆ ಸಮಯ ಹಾಳು. ರೌಂಡ್ಸ್‌ನಲ್ಲಿ ಮಂಚದ ಕಾಲಿನ ಹತ್ತಿರ ನಿಂತು ಜೂನಿಯರ್‌ಗಳಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಮಂಚದ ಮೇಲಿರುವವರನ್ನು ನೋಡದೆಯೇ ಪಕ್ಕದ ಮಂಚಕ್ಕೆ ಹೋಗುತ್ತಿದ್ದರು.

ಶರಣಪ್ಪ ಯಾದಗಿರಿಯ ಕಡೆಯವರು, ಗಾರೆ ಕೆಲಸ. ಇಂದಿರಾನಗರದಲ್ಲಿ ಹಳೆಯ ಬಂಗಲೆಗಳನ್ನು ಕೆಡವಿ ಅಪಾರ್ಟ್‌ಮೆಂಟು ಎಬ್ಬಿಸುತ್ತಿದ್ದ ಕಾಲ, ಕೆಲಸಕ್ಕೆ ಬರವಿರಲಿಲ್ಲ. ಗಂಡ ಹೆಂಡತಿ ಕೆ.ಆರ್. ಪುರದ ರೈಲು ನಿಲ್ದಾಣದ ಆಚೆಗೆ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಮಲ್ಲಮ್ಮ ಅದೇ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಶರಣಪ್ಪ ಸಂಜೆಯಾದರೆ ಕುಡಿಯುತ್ತಿದ್ದರು, ವರ್ಷಗಟ್ಟಲೆ ಕುಡಿದರು. ಒಂದು ದಿನ ಬೆಳಿಗ್ಗೆ ಎದ್ದವರು ಅಂಗಿಯನ್ನು ತಿರುಗುಮುರುಗಾಗಿ ತೊಟ್ಟು, ಕೋಣೆಯ ಮೂಲೆಯಲ್ಲೇ ಮೂತ್ರ ಮಾಡಿ, ಹೆಂಡತಿಯನ್ನು 'ನೀ ಯಾರು' ಎಂದು ಕೇಳಿದರಂತೆ. ಅವಳು ಅಕ್ಕಪಕ್ಕದವರನ್ನು ಕೂಗಿ, ಆಟೋದಲ್ಲಿ ಹಾಕಿಕೊಂಡು ಬಂದಳು.

ಭೇದಿಯ ಸಿರಪ್ಪು ಕೊಟ್ಟು ಹೊಟ್ಟೆ ಸ್ವಚ್ಛ ಮಾಡಿಸಿದ ಮೇಲೆ ಶರಣಪ್ಪನವರಿಗೆ ಪ್ರಜ್ಞೆ ತಿಳಿಯಾಯಿತು. ಮೊದಲು ಹೆಂಡತಿಯ ಗುರುತು ಸಿಕ್ಕಿತು. ಆಮೇಲೆ ತಾವು ಮಾಡಿದ್ದೆಲ್ಲ ಅವಳ ಬಾಯಿಂದ ಕೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಮನೆಗೆ ಕಳಿಸುವ ದಿನ ನಾನು ವಾರ್ಡಿನಲ್ಲೇ ಇದ್ದೆ. ಚೀಫ್ ಮೊದಲನೇ ಸಲ ಅವರ ಕಡೆ ತಿರುಗಿ, 'ಇನ್ನೊಂದ್ ತೊಟ್ಟು ಕುಡಿದ್ರೆ ಸತ್ತೋಗ್ತೀಯ' ಎಂದರು. ಆಮೇಲೆ ಮಲ್ಲಮ್ಮನಿಗೆ:

'ಇನ್ಮೇಲೆ ಬೇಳೆ ಇಲ್ಲ, ಕಾಳಿಲ್ಲ, ಮೊಟ್ಟೆ ಮಾಂಸ ಏನೂ ಇಲ್ಲ. ಅದ್ರಿಂದಾನೇ ತಲೆ ಕೆಟ್ಟಿದ್ದು. ಗೊತ್ತಾಯ್ತಾ?'

'ಆತ್ರಿ ಸಾಹೇಬ್ರ. ಎಷ್ಟ್ ದಿನಾರಿ?'

ಚೀಫ್ ಆಗಲೇ ಪಕ್ಕದ ಮಂಚಕ್ಕೆ ತಿರುಗಿದ್ದರು. 'ನಾನ್ ಹೇಳೋ ತನಕ' ಎಂದರು.

ಆಗ ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ನಾನು ಓದಿದ ಪುಸ್ತಕದಲ್ಲೂ ಹಾಗೆಯೇ ಇತ್ತು. ಬೇಳೆ, ಮಾಂಸಗಳ ಪ್ರೋಟೀನಿನಿಂದಲೇ ಮಿದುಳಿಗೆ ಏರುವ ವಿಷ ಹುಟ್ಟುತ್ತದೆ, ಆದ್ದರಿಂದ ಅದನ್ನು ಕತ್ತರಿಸಬೇಕು ಎಂದು ನಾವೆಲ್ಲ ನಂಬಿದ್ದೆವು. ಎಲ್ಲರಿಗೂ ಗೊತ್ತಿಲ್ಲದ ಕಾಲದಲ್ಲಿ ಗೊತ್ತಿಲ್ಲದೆ ಮಾಡಿದ್ದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ನನ್ನ ಸಿಟ್ಟು ಗೊತ್ತಾದ ಮೇಲೆ ನಡೆದದ್ದಕ್ಕೆ.

ಶರಣಪ್ಪ ಕುಡಿತ ಬಿಟ್ಟರು. ನಿಜವಾಗಿ ಬಿಟ್ಟರು, ಒಂದು ತೊಟ್ಟೂ ಮುಟ್ಟಲಿಲ್ಲ. ಕುಡಿತ ಬಿಟ್ಟರೆ ಇಂಥ ಲಿವರು ಎಷ್ಟೋ ಸುಧಾರಿಸಿಕೊಳ್ಳುತ್ತದೆ, ಮನುಷ್ಯ ವರ್ಷಗಟ್ಟಲೆ ಬದುಕಬಹುದು. ಆದರೆ ಬಿಡುವವರು ಎಷ್ಟು ಜನ? ಅವರು ಹೇಳಿದ ದಿನಕ್ಕೆ ಓಪಿಡಿಗೆ ಬರುತ್ತಿದ್ದರು. ಒಂದೊಂದು ಸಲ ಒಬ್ಬೊಬ್ಬ ಜೂನಿಯರ್ ಡಾಕ್ಟರು. ತೂಕ ನೋಡಿ, ಬಿಪಿ ನೋಡಿ, ಸಿರಪ್ಪು ಮುಂದುವರಿಸಿ ಎನ್ನುವುದು, ಮುಂದಿನವರನ್ನು ಕರೆಯುವುದು. ಏನು ತಿನ್ನುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ನನ್ನ ಕೋಣೆಗೆ ಕಳಿಸಲೂ ಇಲ್ಲ. ತೂಕ ಇಳಿದಿರಲಿಲ್ಲ ನೋಡಿ, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ತೋಳು ತೊಡೆ ಕರಗಿದಷ್ಟೂ ಹೊಟ್ಟೆಯಲ್ಲಿ ನೀರು ಸೇರುತ್ತಿತ್ತು. ತಕ್ಕಡಿಗೆ ಎರಡೂ ಒಂದೇ. ಕಣ್ಣಿದ್ದವರು ಅಂಗಿ ಬಿಚ್ಚಿಸಿ ನೋಡಬೇಕಿತ್ತು.

ಎರಡು ಸಾವಿರದ ಇಸವಿಯ ಆಚೆಗೆ ನಮ್ಮಲ್ಲಿಗೆ ಡಾಕ್ಟರ್ ನಸೀಮಾ ಬಂದರು. ಫ್ರೇಜರ್ ಟೌನಿನ ಹುಡುಗಿ, ಬೇರೆ ಊರಿನಲ್ಲಿ ಇದೇ ಕಾಯಿಲೆಯ ಬಗ್ಗೆ ಓದಿ ಬಂದವರು. ಬಂದ ಕೆಲವು ದಿನಕ್ಕೇ ಒಂದು ಊಟದ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದು ಬಂದರು.

'ಮೇಡಂ, ಬರೀ ಅನ್ನ, ತಿಳಿ ಮಜ್ಜಿಗೆ. ಇದೇನಿದು? ಯಾರು ಹೇಳಿದ್ದು?'

'ನಿಮ್ಮ ಚೀಫೇ' ಎಂದೆ.

ಅವರು ಅಂತೋಣಿಯ ಸ್ಟೂಲ್ ಎಳೆದುಕೊಂಡು ಕೂತು ನನಗೆ ವಿವರಿಸಿದರು. ಪ್ರೋಟೀನ್ ನಿಲ್ಲಿಸಿದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ತಿನ್ನುತ್ತದೆ. ಲಿವರು ಕೆಟ್ಟಾಗ ಆ ವಿಷವನ್ನು ಸ್ವಲ್ಪವಾದರೂ ತೆಗೆಯುವುದು ಅದೇ ಮಾಂಸಖಂಡ. ಅದನ್ನೂ ಕರಗಿಸಿಬಿಟ್ಟರೆ ಮಂಕು ಇನ್ನೂ ಹೆಚ್ಚುತ್ತದೆ, ಸೋಂಕು ತಡೆಯುವ ಶಕ್ತಿಯೂ ಹೋಗುತ್ತದೆ. ಬೇಳೆ, ಕಾಳು, ಮೊಸರು, ಮೊಟ್ಟೆ ಎಲ್ಲ ಕೊಡಬೇಕು, ಹೊಟ್ಟೆ ಖಾಲಿ ಬಿಡಬಾರದು, ಮಲಗುವ ಮುಂಚೆಯೂ ಏನಾದರೂ ತಿನ್ನಿಸಬೇಕು. ನಾನು ಕೇಳುತ್ತಾ ಕೂತೆ. ಅಂಥ ತಟ್ಟೆಗಳನ್ನು ನಾನೇ ಕೈಯಾರೆ ಕಳಿಸಿದ್ದೆ.

ಚೀಫ್ ಸುಲಭಕ್ಕೆ ಒಪ್ಪಲಿಲ್ಲ. 'ಮೊನ್ನೆ ಬಂದೋಳು' ಎಂದು ಮೂಗು ಮುರಿದರು. ಕೆಲವು ತಿಂಗಳು ಕಳೆದ ಮೇಲೆ, ಯಾರಿಗೂ ಏನೂ ಹೇಳದೆ, ತಮ್ಮ ಆರ್ಡರುಗಳನ್ನು ಬದಲಾಯಿಸಿಕೊಂಡರು. ಒಂದು ಬೆಳಿಗ್ಗೆ ಅಡುಗೆಮನೆಗೆ ಲಿವರ್ ವಾರ್ಡಿಗೆ ಮೊಟ್ಟೆ ಬೇಕೆಂದು ಸೂಚನೆ ಬಂತು. ಅಂತೋಣಿ ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ತಪ್ಪಾಗಿತ್ತು ಎಂಬ ಮಾತು ಚೀಫ್ ಬಾಯಿಂದ ಬರಲೇ ಇಲ್ಲ. ಹೋಗಲಿ, ಅದೂ ಬೇಕಿರಲಿಲ್ಲ ನನಗೆ. ನಾನು ಕೇಳಿದ್ದು ಒಂದೇ. ವಾರದ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ:

'ಸರ್, ನಾವು ಇಷ್ಟು ವರ್ಷ ಎಷ್ಟೊಂದು ಜನಕ್ಕೆ ಬೇಳೆ ಬಿಡಿ ಅಂತ ಹೇಳಿ ಕಳಿಸಿದ್ದೀವಿ. ಅವರಿಗೆಲ್ಲ ಹೇಳಬೇಕಲ್ಲ? ಓಪಿಡಿಯಲ್ಲಿ ಒಂದು ಬೋರ್ಡಾದ್ರೂ ಹಾಕೋಣ. ಇಲ್ಲಾಂದ್ರೆ ಲಿವರ್ ಪೇಶೆಂಟ್ಸ್‌ನೆಲ್ಲ ಒಂದ್ಸಲ ನನ್ನ ಹತ್ರ ಕಳಿಸಿ.'

ಚೀಫ್ ನಕ್ಕರು. 'ಬೋರ್ಡ್ ಹಾಕಿದ್ರೆ ನಾಳೆ ಕೇಸ್ ಹಾಕ್ತಾರೆ. ಬಿ ಪ್ರಾಕ್ಟಿಕಲ್, ವಿಮಲಾ. ಅವರೆಲ್ಲ ಮನೆಗೆ ಹೋದ ವಾರಾನೇ ಶುರು ಮಾಡಿರ್ತಾರೆ ತಿನ್ನೋಕೆ. ನಮ್ ಜನ ಯಾವತ್ತು ಪಥ್ಯ ನೆಟ್ಟಗೆ ಮಾಡಿದಾರೆ?'

ಮೀಟಿಂಗಿನಲ್ಲಿದ್ದವರೂ ನಕ್ಕರು. ನಸೀಮಾ ನಗಲಿಲ್ಲ. ಅವರು ತಮ್ಮ ಓಪಿಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು, ನಾನು ನನ್ನ ಕೋಣೆಗೆ ಬಂದವರಿಗೆ ಹೇಳುತ್ತಿದ್ದೆ. ಉಳಿದವರನ್ನು ಗಾಳಿಗೆ ಬಿಟ್ಟಿದ್ದಾಯಿತು. ಕೇಳಿ ಹುಡುಗಿಯರೇ, ನಮ್ಮ ಆಸ್ಪತ್ರೆಗಳಲ್ಲಿ ಹೊಸ ಔಷಧಿ ಬಂದರೆ ರಿಬ್ಬನ್ ಕತ್ತರಿಸುತ್ತಾರೆ, ಹೊಸ ಯಂತ್ರ ಬಂದರೆ ಮಂತ್ರಿಯನ್ನು ಕರೆಸುತ್ತಾರೆ. ಹಳೆಯ ತಪ್ಪು ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಮಾತ್ರ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಅದಾಗಿ ಒಂದು ವರ್ಷವೂ ಕಳೆದಿರಲಿಕ್ಕಿಲ್ಲ. ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬರು ಮಲಗಿದ್ದರು. ಹೊಟ್ಟೆ ತುಂಬು ಬಸುರಿಯಂತೆ ಉಬ್ಬಿತ್ತು. ಭುಜದ ಮೂಳೆ, ಕೆನ್ನೆಯ ಮೂಳೆ ಎಣಿಸುವ ಹಾಗಿತ್ತು. ನನಗೆ ಗುರುತು ಸಿಗಲಿಲ್ಲ. ಪಕ್ಕದಲ್ಲಿ ಕೂತಿದ್ದವಳ ಗುರುತು ಸಿಕ್ಕಿತು. ಮಲ್ಲಮ್ಮ. ಅವಳೂ ಸೊರಗಿದ್ದಳು, ಆದರೆ ಆ ದಿನ ನಾನು ಅದನ್ನು ಇಟ್ಟಿಗೆ ಹೊರುವ ದುಡಿಮೆಯ ಸೊರಗು ಎಂದುಕೊಂಡೆ.

'ಏನಮ್ಮಾ, ಮತ್ತೆ ಕುಡಿದ್ರಾ?' ಎಂದು ಕೇಳಿದೆ. ಕೇಳಬಾರದಿತ್ತು.

ಅವಳಿಗೆ ಸಿಟ್ಟು ಬಂತು. 'ಇಲ್ರೀ ಅಕ್ಕಾರ! ಅವತ್ತ ಬಿಟ್ಟವರು ಮತ್ತ ಮುಟ್ಟಿಲ್ಲ ಅವ್ರು. ನಾನೂ ಅಷ್ಟ. ಸಾಹೇಬ್ರು ಹೇಳಿದ ಪಥ್ಯ ಒಂದ್ ದಿನಾನೂ ತಪ್ಪಿಸಿಲ್ಲ. ಹಬ್ಬಕ್ಕೂ ಹೋಳಿಗಿ ಮಾಡಿಲ್ರಿ ಮನ್ಯಾಗ. ಒಂದ್ ಕಾಳ್ ಬ್ಯಾಳಿ ಅವ್ರ ಗಂಗಾಳಕ್ಕ ಬಿದ್ದಿಲ್ಲ, ನಿಮ್ಮಾಣಿ.'

ಹೆಮ್ಮೆಯಿಂದ ಹೇಳಿದಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ತಿಳಿ ಸಾರು. ವರ್ಷಗಟ್ಟಲೆ ಅಷ್ಟೇ. ತವರಿನವರು ಬಂದು ಕೋಳಿ ಕೊಯ್ದಾಗ ಅವರನ್ನು ಬಾಗಿಲಿನಿಂದಾಚೆಗೇ ಕೂರಿಸಿ ಉಣ್ಣಿಸಿದ್ದಳಂತೆ, ವಾಸನೆಯೂ ಗಂಡನಿಗೆ ತಾಗದಿರಲಿ ಎಂದು. 'ಪಥ್ಯ ಯಾವತ್ತು ನೆಟ್ಟಗೆ ಮಾಡಿದಾರೆ' ಎಂದು ನಕ್ಕವರೆಲ್ಲ ಅಲ್ಲಿ ಬಂದು ನಿಲ್ಲಬೇಕಿತ್ತು.

'ಇನ್ಮೇಲೆ ಕೊಡಮ್ಮಾ. ಇವತ್ತೇ ಕೊಡು. ಬೇಳೆ, ಮೊಸರು, ಮೊಟ್ಟೆ ಎಲ್ಲ ಕೊಡಬೇಕು' ಎಂದೆ.

ಅವಳು ತಲೆ ಅಲ್ಲಾಡಿಸಿದಳು. 'ಕೊಟ್ಟವರ ಬಿಡಸಬೇಕಲ್ರಿ ಅಕ್ಕಾರ? ಸಾಹೇಬ್ರು ಹೇಳೋತನಕ ಅಂದಾರ.'

ಆ ಮಾತು ನನಗೆ ಹೊಸದಲ್ಲ. ನಾನು ಬಾಣಸವಾಡಿಯ ಹಳೆಯ ಊರಿನ ಮನೆಯವಳು. ನಮ್ಮ ಅಜ್ಜಿ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುತ್ತಿದ್ದರು, ಜೊತೆಗೆ ಪಥ್ಯ. ಎಣ್ಣೆ ಇಲ್ಲ, ಖಾರ ಇಲ್ಲ. ಕಣ್ಣಿನ ಹಳದಿ ಇಳಿದ ಮೇಲೆ ಆ ಜನ ಮತ್ತೆ ನಮ್ಮ ಜಗುಲಿಗೆ ಬರಬೇಕಿತ್ತು. ಅಜ್ಜಿ ಕಣ್ಣ ರೆಪ್ಪೆ ಎಳೆದು ನೋಡಿ, ತಲೆಗೆ ಎಣ್ಣೆ ಹಚ್ಚಿ, 'ಇವತ್ತಿಂದ ಪಥ್ಯ ಬಿಡಿಸಿದೆ, ಉಣ್ಣು' ಎನ್ನುತ್ತಿದ್ದರು. ಬರದೆ ಇದ್ದವರನ್ನು ಆಳು ಕಳಿಸಿ ಕರೆಸುತ್ತಿದ್ದರು. ಬಿಡಿಸುವ ತನಕ ಅವರು ಅಜ್ಜಿಯ ಜವಾಬ್ದಾರಿ. ಇದು ನಮ್ಮ ಕಡೆಯ ರೂಢಿ, ಯಾದಗಿರಿಯ ಕಡೆಯದೂ ಹೌದು ಎಂದಾಯಿತು. ಮಲ್ಲಮ್ಮ ಆಸ್ಪತ್ರೆಯೂ ಹಾಗೆಯೇ ಇರುತ್ತದೆಂದು ನಂಬಿದ್ದಳು. ಪಥ್ಯ ಕೊಟ್ಟವರು ಒಂದು ದಿನ ಕರೆದು ಬಿಡಿಸುತ್ತಾರೆ ಎಂದು ಕಾದಿದ್ದಳು. ಓಪಿಡಿಗೆ ಬಂದಾಗಲೆಲ್ಲ ಇವತ್ತು ಹೇಳುತ್ತಾರೆ, ಇವತ್ತು ಹೇಳುತ್ತಾರೆ ಎಂದು ಜೂನಿಯರ್‌ಗಳ ಬಾಯಿ ನೋಡಿದ್ದಳಂತೆ. ನಾವು ಕೊಡುವುದನ್ನು ಮಾತ್ರ ಕಲಿತಿದ್ದೆವು.

ಮಾರನೆಯ ದಿನ ರೌಂಡ್ಸ್‌ನಲ್ಲಿ ಚೀಫ್ ಸಿಸ್ಟರಿಗೆ, 'ಹೈ ಪ್ರೋಟೀನ್ ಡಯಟ್' ಎಂದು ಹೇಳಿ ಹೊರಟರು. ಮಲ್ಲಮ್ಮನಿಗೆ ಅದು ಅರ್ಥವಾಗುವುದು ಹೇಗೆ? ನಾನು ಎರಡು ಮಂಚಗಳ ನಡುವೆ ಅಡ್ಡ ನಿಂತೆ. 'ಸರ್, ಆಕೆಗೆ ಹೇಳಿ. ನೀವೇ ಹೇಳಬೇಕಂತೆ' ಎಂದೆ. ಜೂನಿಯರ್‌ಗಳೆಲ್ಲ ನನ್ನನ್ನೇ ನೋಡಿದರು. ಊಟದ ಮೇಡಂಗೆ ಇಷ್ಟು ಧೈರ್ಯವಾ ಎಂಬಂತೆ.

'ಬೇಳೆ ಕೊಡಮ್ಮ, ಎಲ್ಲ ಕೊಡು' ಎಂದರು ಚೀಫ್.

'ಹಂಗಾರ ಮೊದಲ ಯಾಕ ಬ್ಯಾಡಂದ್ರಿ ಸಾಹೇಬ್ರ?' ಅವಳ ದನಿಯಲ್ಲಿ ಆರೋಪವಿರಲಿಲ್ಲ. ತಿಳಿದುಕೊಳ್ಳಲು ಕೇಳಿದಳು.

'ಆಗ ಹಾಗಿತ್ತು, ಈಗ ಹೀಗೆ' ಎಂದು ನನ್ನ ಪಕ್ಕದಿಂದ ದಾಟಿ ಮುಂದಿನ ಮಂಚಕ್ಕೆ ಹೋದರು.

ಅಂತೋಣಿ ಅಂದು ತಾವೇ ತೊಗರಿಬೇಳೆ ಬೇಯಿಸಿ, ನುಣ್ಣಗೆ ಮಸೆದು, ನಿಂಬೆ ಹಿಂಡಿ ಮೇಲಕ್ಕೆ ತಂದರು. ಶರಣಪ್ಪ ಮೊದಲ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ತುಂಬಾ ಹೊತ್ತು ಕೂತರು. 'ಉಪ್ಪಿಲ್ರಿ' ಎಂದರು. 'ಆದರ ಬ್ಯಾಳಿ ಐತಿ.' ಅಷ್ಟು ಹೇಳಿ ತಟ್ಟೆ ಖಾಲಿ ಮಾಡಿದರು. ಸ್ವಲ್ಪ ದಿನ ಎದ್ದು ಕೂತು, ಕಿಟಕಿಯಾಚೆ ಏಳುತ್ತಿದ್ದ ಕಟ್ಟಡವನ್ನು ನೋಡಿ, ಅದರ ಗೋಡೆ ಸೊಟ್ಟ ಇದೆ ಎಂದು ಎಲ್ಲರಿಗೂ ತೋರಿಸುವಷ್ಟು ಗೆಲುವಾದರು. ನಾನು ಆಸೆ ಇಟ್ಟುಕೊಂಡೆ.

ಆಮೇಲೆ ಹೊಟ್ಟೆಯ ನೀರಿಗೆ ಸೋಂಕು ತಗುಲಿತು. ಜ್ವರ, ಆಮೇಲೆ ಮಂಕು, ಆಮೇಲೆ ಮೂತ್ರ ನಿಂತಿತು. ನಸೀಮಾ ಮನೆಗೂ ಹೋಗದೆ ಒದ್ದಾಡಿದರು. ಶರಣಪ್ಪ ಉಳಿಯಲಿಲ್ಲ. ಮೆಟ್ಟಿಲ ಹತ್ತಿರ ನಾನು ನಸೀಮಾರನ್ನು ನಿಲ್ಲಿಸಿ ಕೇಳಿದೆ, ಇದು ನಮ್ಮ ಪಥ್ಯದಿಂದಲೇ ಆಯಿತೇ ಎಂದು. 'ಅದೊಂದರಿಂದಲೇ ಅಂತ ಹೇಳೋಕಾಗಲ್ಲ ಮೇಡಂ' ಎಂದರು. ಮತ್ತೆ, 'ಮೈಯಲ್ಲಿ ಶಕ್ತಿ ಇದ್ದಿದ್ರೆ ತಡ್ಕೋತಿದ್ರು' ಎಂದರು. ಕುಡಿತ ಬಿಟ್ಟ ಮನುಷ್ಯ. ಹೇಳಿದ್ದನ್ನೆಲ್ಲ ಕೇಳಿದ ಹೆಂಡತಿ. ಅವರಿಬ್ಬರೂ ತಮ್ಮ ಪಾಲಿನದನ್ನು ಮಾಡಿದ್ದರು. ಆ ವಾರದ ಮೀಟಿಂಗಿನಲ್ಲಿ ಜೂನಿಯರ್ ಒಬ್ಬ ಕೇಸ್ ಓದಿ ಕೊನೆಗೆ, 'ಆಲ್ಕೊಹಾಲಿಕ್' ಎಂದ. ಎಲ್ಲರೂ ತಲೆಯಾಡಿಸಿ ಮುಂದಿನ ಕೇಸಿಗೆ ಹೋದರು. ನಾನು ಎದ್ದು ಹೊರಗೆ ಬಂದೆ. ಅಲ್ಲಿ ಕೂತಿದ್ದರೆ ಯಾರಿಗಾದರೂ ಹೊಡೆಯುತ್ತಿದ್ದೆ.

ಇಲ್ಲಿಗೆ ಮುಗಿದಿದ್ದರೆ ನಾನು ಬಹುಶಃ ಬರೆಯುತ್ತಿರಲಿಲ್ಲ. ಸತ್ತವರನ್ನು ನೋಡಿ ನೋಡಿ ಮೈ ಗಟ್ಟಿಯಾಗುತ್ತದೆ. ಕೆಲವು ವಾರಗಳ ನಂತರ ಮಲ್ಲಮ್ಮ ಮತ್ತೆ ಬಂದಳು. ಸಾಲಿನಲ್ಲಿ ನಿಂತು, ತನ್ನದೇ ಹೆಸರಿನಲ್ಲಿ ಓಪಿಡಿ ಚೀಟಿ ಮಾಡಿಸಿ, ಚೀಫ್ ಕೋಣೆಯ ಮುಂದೆ ಕಾದು ಒಳಗೆ ಹೋಗಿದ್ದಾಳೆ. ಏನು ಕಾಯಿಲೆ ಎಂದರೆ ಕಾಯಿಲೆ ಇಲ್ಲ ಎಂದಿದ್ದಾಳೆ. ಊಟದ ವಿಷಯ ಎಂದದ್ದೇ ತಡ, 'ಅದೆಲ್ಲ ಕೆಳಗೆ ಡಯಟ್ ಸೆಕ್ಷನ್' ಎಂದು ಚೀಫ್ ನನ್ನ ಹತ್ತಿರ ಅಟ್ಟಿದ್ದಾರೆ.

ನನ್ನ ಕೋಣೆಯ ಬಾಗಿಲಲ್ಲಿ ನಿಂತವಳನ್ನು ನಾನು ಅಂದು ಸರಿಯಾಗಿ ನೋಡಿದೆ. ಕೊರಳೆಲುಬು ಎದ್ದಿತ್ತು, ಕಾಲು ಬಾತಿತ್ತು, ಕೂದಲು ತೆಳ್ಳಗಾಗಿತ್ತು.

'ನಂದೂ ಬಿಡಸ್ರಿ ಅಕ್ಕಾರ' ಎಂದಳು.

'ನಿನ್ನದು? ನಿನಗೆ ಯಾರೂ ಪಥ್ಯ ಹೇಳಿರಲಿಲ್ವಲ್ಲ ಮಲ್ಲಮ್ಮಾ.'

'ಅವ್ರ ಮುಂದ ಕುಂತು ನಾ ಹ್ಯಾಂಗ ಉಣ್ಲಿರಿ? ಅವ್ರು ಬಿಟ್ಟ ದಿನಾ ನಾನೂ ಬಿಟ್ಟೆ. ಅವ್ರದೇನೋ ಸಾಹೇಬ್ರು ಬಿಡಿಸಿದ್ರು. ನಂದು ಹಂಗ ಉಳದೈತಿ.'

ಅಷ್ಟು ವರ್ಷ ಇಟ್ಟಿಗೆ ಹೊತ್ತ ಹೆಂಗಸು. ಗಂಡ ತೀರಿಕೊಂಡ ಮೇಲೂ ಬೇಳೆ ಮುಟ್ಟಿರಲಿಲ್ಲ, ಬಿಡಿಸುವವರು ಬಿಡಿಸಿಲ್ಲವೆಂದು. ನಾನು ಅವಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಸಾಲಿನಲ್ಲಿದ್ದವರು ಗೊಣಗಿದರು, ಬಾಗಿಲು ಕಾಯುವವನು ತಡೆದ. ಯಾರನ್ನೂ ಕಿವಿಗೆ ಹಾಕಿಕೊಳ್ಳದೆ ಒಳಗೆ ನುಗ್ಗಿ, ಅವಳನ್ನು ಚೀಫ್ ಮೇಜಿನ ಮುಂದೆ ನಿಲ್ಲಿಸಿದೆ. ಶರಣಪ್ಪನವರ ಹೆಂಡತಿ ಎಂದೆ. ಅವರ ಜೊತೆಗೆ ಈಕೆಯೂ ಇಷ್ಟು ವರ್ಷ ಬೇಳೆ ಬಿಟ್ಟಿದ್ದಾಳೆ, ನೀವು ಹೇಳದೆ ತಿನ್ನುವುದಿಲ್ಲ, ಹೇಳಿ ಎಂದೆ. ನನ್ನ ದನಿ ಕಾರಿಡಾರಿನವರೆಗೆ ಕೇಳಿಸಿತಂತೆ.

ಚೀಫ್ ಕನ್ನಡಕ ತೆಗೆದು ಅವಳನ್ನು ನೋಡಿದರು. ಶರಣಪ್ಪ ಯಾರೆಂದು ಅವರಿಗೆ ನೆನಪಾಗಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

'ತಿನ್ನಮ್ಮಾ, ತಿನ್ನು' ಎಂದರು. 'ಯಾರು ಬೇಡ ಅಂದಿದ್ದು ನಿನಗೆ?'

ಮಲ್ಲಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು, ಮೇಜು ಬಳಸಿ ಆ ಕಡೆಗೆ ಹೋಗಿ, ಬಗ್ಗಿ ಅವರ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.